‘ನೋಡ್ವ’ ಅಂದರೆ ಬರ್ತಾರೋ, ಇಲ್ವೋ?

ಶಿರಸಿ, ಸಿದ್ದಾಪುರದ ಕಡೆ ಅಡಿಕೆ ಕೊನೆಕೊಯ್ಲಿನ ಹೊತ್ತಿಗೆ, ಮರ ಹತ್ತಿ ಕೊನೆ ಇಳಿಸುವ ಕೊನೆಗೌಡರು “ನೋಡ್ವ ಹೆಗಡೇರೆ”, ಅಂದರೆ ನೋಡೋಣ, ಅಂತ ಹೇಳಿದರೆ ಬರ್ತಾರೋ ಇಲ್ವೋ? ಉತ್ತರ ಆ ಮಾತಿನಲ್ಲಿ ಇರೋದಿಲ್ಲ, ಅದರ ಬೆನ್ನಿಗೆ ಬರುವ ಮಾತಿನಲ್ಲಿ ಇರುತ್ತದೆ. “ನೋಡ್ವ, ಎಷ್ಟು ಮರ ಹಣ್ಣಾಗಿದೆ?” ಅಂತ ಕೇಳಿದರೆ ಮನಸ್ಸಿದೆ, ಆಗಲೇ ದಿನದ ಲೆಕ್ಕ ಹಾಕ್ತಾ ಇದ್ದಾರೆ. “ನೋಡ್ವ, ಈ ವರ್ಷ ಮಳೆನೇ ಬಿಡ್ಲಿಲ್ಲ ಮಾರಾಯ್ರೆ” ಅಂತ ಮಾತು ಮಳೆ ಕಡೆ ಹೊರಳಿದರೆ ಬೇರೆಯವರನ್ನು ಹುಡುಕಿಕೊಳ್ಳಿ.

ಬೆಂಗಳೂರಿನಿಂದ ಊರಿಗೆ ಮರಳಿ ತೋಟ ಮಾಡಲು ಹೊರಟವರು ಮೊದಲು ಬೇಸರಪಡುವುದು ಇದಕ್ಕೇ. ಬರೋದಿಲ್ಲ ಅಂತ ನೇರ ಹೇಳಲಿಕ್ಕೆ ಏನು ಕಷ್ಟ ಅಂತ. ಕಷ್ಟ ಇದೆ. ಬಾಯಿಬಿಟ್ಟು “ಬರೋದಿಲ್ಲ” ಅಂದರೆ ಅದು ಮಾತಾಗಿ ಉಳಿಯುತ್ತದೆ. ಮುಂದಿನ ವರ್ಷ ಇದೇ ಮನೆಯವರಿಗೆ ಅವರು ಬೇಕು, ಅವರಿಗೂ ಈ ಮನೆ ಬೇಕು. ಆಡದೇ ಬಿಟ್ಟ ‘ಇಲ್ಲ’ಕ್ಕೆ ಯಾರೂ ಯಾರ ಮೇಲೂ ಸಿಟ್ಟು ಮಾಡಬೇಕಾಗಿಲ್ಲ. ಸುತ್ತುಮಾತಿನ ಮುಖ್ಯ ಕೆಲಸ ಇದೇ ಅಂತ ನನ್ನ ಅಭಿಪ್ರಾಯ: ಎದುರಿನವರಿಗೆ ಮಾನ ಕಳೆದುಕೊಳ್ಳದೆ ಒಲ್ಲೆ ಅನ್ನಲು ಜಾಗ ಬಿಡುವುದು.

ಭಾಷಾ ವಿದ್ವಾಂಸರಾದ ಪೆನೆಲೊಪಿ ಬ್ರೌನ್ ಮತ್ತು ಸ್ಟೀಫನ್ ಲೆವಿನ್ಸನ್ 1978ರಲ್ಲಿ ಸಭ್ಯ ಮಾತಿನ ಬಗ್ಗೆ ಬರೆದಾಗ ಇಂಗ್ಲಿಷ್ ಮತ್ತು ಮೆಕ್ಸಿಕೋದ ತ್ಸೆಲ್ತಾಲ್ ಭಾಷೆಗಳ ಜೊತೆ ನಮ್ಮ ಪಕ್ಕದ ತಮಿಳನ್ನೂ ಇಟ್ಟುಕೊಂಡಿದ್ದರು. ಇಬ್ಬರ ನಡುವೆ ಬಳಕೆ ಕಡಿಮೆ ಇದ್ದಷ್ಟೂ, ಕೇಳಿಸಿಕೊಳ್ಳುವವರು ಮೇಲಿನವರಾದಷ್ಟೂ, ಕೇಳುತ್ತಿರುವ ಕೆಲಸ ಭಾರದ್ದಾದಷ್ಟೂ ಮಾತು ಸುತ್ತು ಹೊಡೆಯುತ್ತದೆ ಅಂತ ಅವರ ಲೆಕ್ಕ. ಪಕ್ಕದ ಮನೆಯಿಂದ ಮಜ್ಜಿಗೆ ಕೇಳಲಿಕ್ಕೆ ಪೀಠಿಕೆ ಬೇಡ. ಅದೇ ಮನೆಯಲ್ಲಿ ಸಾಲ ಕೇಳಬೇಕಾದರೆ ಮೊದಲು ಅಡಿಕೆ ದರ ವಿಚಾರಿಸಬೇಕಾಗುತ್ತದೆ.

ಘಟ್ಟದ ಮೇಲಿನ ಮನೆಗಳಲ್ಲಿ ಇದರ ಕ್ರಮ ಬಹಳ ಖಚಿತ. ಬಂದವರಿಗೆ ನೀರು, ಬೆಲ್ಲ, ಆಮೇಲೆ “ಆಸರಿಗೆ ಎಂತ ಮಾಡ್ಲಿ?”, ಅಂದರೆ ಕುಡಿಯಲಿಕ್ಕೆ ಏನು ಮಾಡಲಿ, ಅನ್ನುವ ಪ್ರಶ್ನೆ. ಮೊದಲ “ಎಂತದೂ ಬೇಡ” ಬರೀ ಮರ್ಯಾದೆಗೆ. ಮತ್ತೊಮ್ಮೆ ಕೇಳಲೇಬೇಕು. ಎರಡನೇ ‘ಬೇಡ’ಕ್ಕೆ ಕಾರಣ ಅಂಟಿಕೊಂಡು ಬಂದರೆ, ಈಗಷ್ಟೇ ಕುಡಿದು ಬಂದೆ ಅಂತಲೋ ಸಕ್ಕರೆ ಕಾಯಿಲೆ ಅಂತಲೋ, ಅದು ನಿಜವಾದ ಬೇಡ. ಅಲ್ಲಿಗೆ ನಿಲ್ಲಿಸಬೇಕು. ಊಟದ ಪಂಕ್ತಿಯಲ್ಲೂ ಹಾಗೆ. ಬಾಯಲ್ಲಿ ಸಾಕು ಅಂದು ಕೈ ಹಿಂದೆ ಇಟ್ಟವರಿಗೆ ಇನ್ನೊಂದು ಸೌಟು ಹಾಕಬಹುದು. ಎಲೆಯ ಮೇಲೆ ಬಗ್ಗಿ ಎರಡೂ ಕೈ ಅಡ್ಡ ಹಿಡಿದವರಿಗೆ ಬಡಿಸಿದರೆ ಅದು ಉಪಚಾರ ಅಲ್ಲ, ಹಟ. ಇನ್ನು ಬಂದ ಕೆಲಸ ಎಂತದು ಅಂತ ಕವಳ (ಎಲೆ-ಅಡಿಕೆ) ಹಾಕುವ ಮುಂಚೆ ಕೇಳಬಾರದು. ಎಷ್ಟೋ ಸಲ ಅದು ಅಂಗಳ ದಾಟಿ ದಣಪೆ (ಬೇಲಿಯ ಬಾಗಿಲು) ಹತ್ತಿರ ಹೋದ ಮೇಲೆ “ಹಂಗಾರೆ... ಮತ್ತೊಂದು ವಿಷಯ ಇತ್ತು” ಅಂತ ಹೊರಗೆ ಬರುತ್ತದೆ. ಅದಕ್ಕೇ ಬೀಳ್ಕೊಡುವಾಗ ಜಗಲಿಯಿಂದಲೇ ಕೈ ಮುಗಿಯದೆ ದಣಪೆವರೆಗೆ ಹೋಗಿ ಬರುವ ರೂಢಿಯನ್ನು ಬಿಡಬೇಡಿ.

ಕರಾವಳಿಯಲ್ಲಿ ಮಾತು ಸ್ವಲ್ಪ ಬಿರುಸು, ಆದರೂ ಸುತ್ತು ಇದ್ದೇ ಇದೆ. ಕಾರವಾರದ ಮೀನುಪೇಟೆಯಲ್ಲಿ “ತಾಜಾ ಹೌದಾ?” ಅಂತ ಕೇಳುವುದು ಮಾರುವವಳನ್ನು ಅನುಮಾನಿಸಿದ ಹಾಗೆ. ಬುಟ್ಟಿಯ ಎದುರು ಸುಮ್ಮನೆ ನಿಂತರೆ ಸಾಕು. “ನೀವೇ ನೋಡಿ” ಅಂತ ಬಂಗಡೆಯ ಕಿವಿರು ಎತ್ತಿ ಕೆಂಪು ತೋರಿಸಿದರೆ ಕೊಳ್ಳಿ. “ನೀವೇ ನೋಡಿ” ಅಂದು ಕೈ ಅಲ್ಲಾಡದಿದ್ದರೆ ಮುಂದಿನ ಬುಟ್ಟಿಗೆ ಹೋಗಿ.

ನಮ್ಮ ಅಲಂಕಾರಶಾಸ್ತ್ರದವರಿಗೆ ಇದು ಹೊಸತಲ್ಲ. ‘ಸೂರ್ಯ ಮುಳುಗಿದ’ ಅನ್ನುವ ಒಂದೇ ವಾಕ್ಯ ದನ ಕಾಯುವವನಿಗೆ ಒಂದು, ಕೆಲಸದವನಿಗೆ ಇನ್ನೊಂದು, ಪ್ರಿಯನಿಗೆ ಕಾದವಳಿಗೆ ಮತ್ತೊಂದು ಅರ್ಥ ಕೊಡುತ್ತದೆ ಅಂತ 11ನೇ ಶತಮಾನದ ಮಮ್ಮಟ ವಿವರಿಸುತ್ತಾನೆ. ಆಡುವವರು ಯಾರು, ಕೇಳುವವರು ಯಾರು ಅನ್ನುವುದು ಗೊತ್ತಿದ್ದರೆ ಮಾತ್ರ ಅರ್ಥ ದಾಟುತ್ತದೆ. ಅದು ಗೊತ್ತಿಲ್ಲದ ಕಡೆ ಸುತ್ತುಮಾತು ಜೀವಕ್ಕೇ ಎರವಾಗಬಹುದು.

ನಮ್ಮಲ್ಲಿ ಸಂಜೆಯ ಮೇಲೆ ಹಾವಿನ ಹೆಸರು ಎತ್ತುವುದಿಲ್ಲ, ‘ಹುಳ’ ಅನ್ನುತ್ತೇವೆ. ಕಚ್ಚಿದರೆ ‘ಹುಳ ಮುಟ್ಟಿತು’. ಆಸ್ಪತ್ರೆಯಲ್ಲಿ ರಾತ್ರಿಪಾಳಿಯಲ್ಲಿ ಇರುವ ವೈದ್ಯರು ಹೊರಗಿನವರಾದರೆ ಅವರ ತಲೆಯಲ್ಲಿ ಚೇಳೋ ಜರಿಯೋ ಬರಬಹುದು. ಕಟ್ಟುಹಾವು ಕಚ್ಚಿದ ಜಾಗದಲ್ಲಿ ಬಾವು ಬರುವುದಿಲ್ಲ, ಗುರುತೂ ಸರಿಯಾಗಿ ಕಾಣುವುದಿಲ್ಲ. ಕೆಲವು ತಾಸಿನಲ್ಲಿ ರೆಪ್ಪೆ ಜೋತು ಬಿದ್ದು ಉಸಿರು ಕಟ್ಟುತ್ತದೆ. ಇಲ್ಲಿ ಸಿಗುವ ಹಾವಿನ ಮದ್ದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೆ ಮಾಡಿದ್ದು. ನಮ್ಮ ತೋಟ, ಬೆಟ್ಟದಲ್ಲಿ ಕಾಣುವ ಗುಳಿಮಂಡಲ ಅದರಲ್ಲಿ ಸೇರಿಲ್ಲ. ಹಾಗಾಗಿ ಆಸ್ಪತ್ರೆ ಬಾಗಿಲಲ್ಲಿ “ಹಾವು ಕಚ್ಚಿದೆ, ಇಷ್ಟು ಗಂಟೆಗೆ, ಈ ಜಾಗದಲ್ಲಿ” ಅಂತ ಬಿಡಿಸಿ ಹೇಳಬೇಕು. ನೋಡಿದ್ದರೆ ಬಣ್ಣ, ಉದ್ದ ಹೇಳಿ. ಹಿಡಿಯಲು ಹೋಗಿ ಹೊತ್ತು ಕಳೆಯಬೇಡಿ. ಹೆಂಗಸರು ಮುಟ್ಟಿನ ದಿನಗಳಿಗೆ ‘ಹೊರಗೆ’ ಅಂತಷ್ಟೇ ಹೇಳಿ ರಕ್ತಸ್ರಾವ ಹೆಚ್ಚಾದದ್ದನ್ನು ನುಂಗಿಕೊಳ್ಳುವುದೂ ಇಷ್ಟೇ ಅಪಾಯ. ಎಷ್ಟು ದಿನದಿಂದ, ದಿನಕ್ಕೆ ಎಷ್ಟು ಬಟ್ಟೆ ಬದಲಿಸಬೇಕಾಗುತ್ತಿದೆ ಅನ್ನುವುದನ್ನು ವೈದ್ಯರಿಗೆ ಹೇಳಲೇಬೇಕು.

ದಿನಕ್ಕೆ ಕಟ್ಟುಬಿದ್ದ ಕೆಲಸವೂ ಇದೇ ಸಾಲಿನದ್ದು. ಅಡಿಕೆಯ ಕೊಳೆರೋಗಕ್ಕೆ ಮೊದಲ ಔಷಧಿ ಮಳೆ ಹಿಡಿಯುವ ಮುಂಚೆ ಹೊಡೆಯಬೇಕು, ಎರಡನೆಯದು 40-45 ದಿನಕ್ಕೆ. ಅಲ್ಲಿ ‘ನೋಡ್ವ’ ನಂಬಿ ಕೂತರೆ ಕಾಯಿ ಉದುರುತ್ತದೆ. ಮರ್ಯಾದೆಯ ಮಾತು ಮುಗಿದ ಮೇಲೆ ಒಂದು ವಾಕ್ಯ ಸೇರಿಸಿ: “ಗೌಡ್ರೆ, ಆಗದಿದ್ರೆ ಬೇಜಾರಿಲ್ಲ, ಮಂಗಳವಾರದೊಳಗೆ ಒಂದು ಫೋನ್ ಮಾಡಿ.” ಒಲ್ಲೆ ಅನ್ನಲು ಜಾಗವೂ ಉಳಿಯಿತು, ದಿನವೂ ಗೊತ್ತಾಯಿತು. ವಾಟ್ಸಾಪಿನಲ್ಲಿ ಕೇಳಬೇಡಿ. ದನಿ ಎಳೆದದ್ದು ಅಲ್ಲಿ ಕೇಳಿಸುವುದಿಲ್ಲ, ಹೆಬ್ಬೆರಳಿನ ಗುರುತು ಒಪ್ಪಿಗೆಯೋ ಬರೀ ಓದಿದ್ದೋ ಗೊತ್ತಾಗುವುದಿಲ್ಲ.

ನನಗೆ ನಿಜಕ್ಕೂ ಸಂಕಟ ಆಗುವುದು ಬೇರೆ ವಿಷಯಕ್ಕೆ. ಸುತ್ತಿ ಮಾತಾಡುವ ಶ್ರಮ ಯಾವಾಗಲೂ ಕೆಳಗೆ ನಿಂತವರ ಪಾಲಿಗೇ ಬರುತ್ತದೆ. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯ ಹೊತ್ತಿಗೆ ಆಳು ಬಂದು “ಜಾತ್ರೆ ಬಂತಲ್ಲ ಒಡೆಯಾ” ಅಂತ ಕಂಬ ಹಿಡಿದು ನಿಂತರೆ ಕೂಲಿ ದುಡ್ಡು ಬೇಕು ಅನ್ನುವ ಅದರ ಅರ್ಥ ಜಗಲಿಯಲ್ಲಿ ಕೂತವರಿಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೂ “ಹೌದೋ, ಈ ಸಲ ಜನ ಜೋರಂತೆ” ಅಂದುಬಿಡುವುದು ಅನ್ಯಾಯ. ಒಲ್ಲೆ ಅನ್ನಲು ಅವನು ನಮಗಾಗಿ ಬಿಟ್ಟ ಜಾಗವನ್ನು ಅವನದೇ ಕೂಲಿ ತಪ್ಪಿಸಲು ಬಳಸಿಕೊಂಡ ಹಾಗೆ. ಸೊಸೆ “ಅಪ್ಪಯ್ಯಂಗೆ ಹುಷಾರಿಲ್ಲೆಯಡ” ಅಂದಾಗ “ಔಷಧಿ ತಗಳ್ತಾ ಇದ್ವನ?” ಅಂತ ಕೇಳಿ ಸುಮ್ಮನಾಗುವುದೂ ಹಾಗೇ. ಅವಳು ಕೇಳಿದ್ದು ತವರಿಗೆ ಹೋಗಿಬರಲು. ಇಂಥ ಕಡೆ ಮೇಲಿನವರೇ ಮೊದಲು ಬಾಯಿ ಬಿಡಬೇಕು. ಎಷ್ಟು ಬೇಕು ಅಂತ ಆಳನ್ನು, ಯಾವ ಬಸ್ಸಿಗೆ ಹೊರಡ್ತೆ ಅಂತ ಸೊಸೆಯನ್ನು ಕೇಳಬೇಕು. ಕೂಲಿ ಲೆಕ್ಕಕ್ಕೆ ವಾರದಲ್ಲಿ ಒಂದು ದಿನ ಗೊತ್ತು ಮಾಡಿ, ಅವರು ಬಂದು ಕಂಬ ಹಿಡಿದು ನಿಲ್ಲುವ ಮುಂಚೆಯೇ ಪಟ್ಟಿ ತೆಗೆದಿಟ್ಟುಕೊಳ್ಳಿ.