ವರ್ಷದ ಲೆಕ್ಕ ಗಂಟೆಯಲ್ಲೋ, ದುಡ್ಡಿನಲ್ಲೋ?

ವರ್ಷ ಮುಗಿಯುವಾಗ ಹಿಂತಿರುಗಿ ನೋಡುವವರು ಹಣಕ್ಕಿಂತ ಸಮಯಕ್ಕೆ, ವಸ್ತುವಿಗಿಂತ ಅನುಭವಕ್ಕೆ ಹೆಚ್ಚು ಬೆಲೆ ಕೊಡಬೇಕೆ?

ಪರ: ಮೊದಲು ಗಂಟೆ ಎಣಿಸಿ

ವರ್ಷಕ್ಕೆ 8,760 ಗಂಟೆ. ದಿನಕ್ಕೆ 8ರಂತೆ ನಿದ್ದೆಗೆ 2,920 ಹೋಯಿತು. ವಾರಕ್ಕೆ 48 ಗಂಟೆಯಂತೆ 48 ವಾರ ದುಡಿದರೆ 2,304. ಕೆಲಸಕ್ಕೆ ಹೋಗಿಬರಲು ದಿನಕ್ಕೆ ಒಂದೂವರೆ ಗಂಟೆ, ವಾರಕ್ಕೆ 6 ದಿನ ಎಂದಿಟ್ಟುಕೊಂಡರೆ 432. ಸ್ನಾನ, ಊಟ, ಅಡುಗೆ, ಬಟ್ಟೆ, ಕಸ ಎಲ್ಲ ಸೇರಿ ದಿನಕ್ಕೆ 4 ಗಂಟೆ, ಅಂದರೆ 1,460. ಉಳಿಯುವುದು 1,644. ಅದರಲ್ಲಿ ದಿನಕ್ಕೆ ಎರಡೂವರೆ ಗಂಟೆಯನ್ನು ಮೊಬೈಲಿಗೆ ಕೊಟ್ಟರೆ ಕೈಯಲ್ಲಿರುವುದು ಸುಮಾರು 730, ದಿನಕ್ಕೆ ಎರಡೇ ಗಂಟೆ. ಮಕ್ಕಳು, ಸ್ನೇಹಿತರು, ಓದು, ಪ್ರವಾಸ, ಸುಮ್ಮನೆ ಕೂರುವುದು ಎಲ್ಲವೂ ಇಷ್ಟರೊಳಗೇ ಆಗಬೇಕು. ಬ್ಯಾಂಕ್ ಖಾತೆಯನ್ನು ದಿನಾ ಇಣುಕಿ ನೋಡುವವರೂ ಈ ಖಾತೆಯನ್ನು ಒಮ್ಮೆಯೂ ತೆರೆದಿರುವುದಿಲ್ಲ.

ಡಿಸೆಂಬರ್ 31ರ ರಾತ್ರಿ ಕೂತು ನೆನಪಿನಿಂದಲೇ ವರ್ಷವನ್ನು ಅಳೆಯಲು ಹೊರಟರೆ ಲೆಕ್ಕ ಕೆಡುತ್ತದೆ. ನೆನಪು ಒಂದು ಅನುಭವದ ತುತ್ತತುದಿಯನ್ನೂ ಕೊನೆಯನ್ನೂ ಹಿಡಿದಿಟ್ಟುಕೊಂಡು, ಅದು ಎಷ್ಟು ಹೊತ್ತು ನಡೆಯಿತು ಎಂಬುದನ್ನು ಬಹುಪಾಲು ಬಿಟ್ಟುಬಿಡುತ್ತದೆ ಎಂದು ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನಮನ್ ತೋರಿಸಿಕೊಟ್ಟಿದ್ದರು. ಹಾಗಾಗಿ ವರ್ಷದ ಕೊನೆಯ ವಾರದ ಒಂದು ಜಗಳ ಹತ್ತು ತಿಂಗಳ ನೆಮ್ಮದಿಯನ್ನು ನುಂಗಿಬಿಡಬಹುದು. ಮೊಬೈಲಿನ ಫೋಟೋ, ಕ್ಯಾಲೆಂಡರ್, ಬ್ಯಾಂಕ್ ಸ್ಟೇಟ್‌ಮೆಂಟ್ ಮೂರನ್ನೂ ಪಕ್ಕದಲ್ಲಿಟ್ಟುಕೊಂಡು ತಿಂಗಳಿಗೆ ಒಂದು ಹಾಳೆಯಂತೆ 12 ಹಾಳೆ ತುಂಬಿಸಿ. ಫೋಟೋ ಮಾತ್ರ ನೋಡಿದರೆ ವರ್ಷವೆಲ್ಲ ಹಬ್ಬದಂತೆ ಕಾಣುತ್ತದೆ. ಸ್ಟೇಟ್‌ಮೆಂಟ್ ಮಾತ್ರ ನೋಡಿದರೆ ವರ್ಷವೆಲ್ಲ ಪೋಲಾದಂತೆ.

ಆಮೇಲೆ ಒಂದು ಮಾಮೂಲಿ ವಾರವನ್ನು ಆರಿಸಿಕೊಳ್ಳಿ, ರಜೆಯ ವಾರ ಬೇಡ. ಅದರ 168 ಗಂಟೆಯನ್ನು ಅರ್ಧರ್ಧ ಗಂಟೆಯ 336 ಚೌಕ ಮಾಡಿ. ಕಾಲು ಗಂಟೆಯ ಚೌಕ ಮಾಡಿಕೊಂಡವರು ಮೂರನೇ ದಿನಕ್ಕೆ ಕೈಚೆಲ್ಲುತ್ತಾರೆ. ಒಂದು ಗಂಟೆಯದು ಮಾಡಿದರೆ ನಡುವೆ ಮೊಬೈಲ್ ಕದ್ದ 25 ನಿಮಿಷ ಅದರೊಳಗೆ ಅಡಗಿಬಿಡುತ್ತದೆ. ಬೆಳಗ್ಗೆಯ ಕೆಲಸ ಮುಗಿದ ಮೇಲೆ, ಸಂಜೆ, ಮಲಗುವ ಮುನ್ನ, ಹೀಗೆ ದಿನಕ್ಕೆ ಮೂರು ಸಲ ಬರೆಯಬೇಕು. ಮರುದಿನಕ್ಕೆ ಬಿಟ್ಟರೆ ಏನು ಮಾಡಿದೆವು ಎಂಬುದರ ಬದಲು ಏನು ಮಾಡಬೇಕಿತ್ತು ಎಂಬುದನ್ನೇ ಬರೆದುಬಿಡುತ್ತೇವೆ. ಪ್ರತಿ ಚೌಕದ ಮುಂದೆ ಒಂದು ಗುರುತು ಇರಲಿ: ಮತ್ತೊಮ್ಮೆ ಬೇಕೆನಿಸಿದರೆ ಕೂಡು, ಬೇಡವಾದರೆ ಕಳೆ, ಹೇಗಾದರೂ ಸರಿ ಎನ್ನಿಸಿದರೆ ಸೊನ್ನೆ.

ಮುಂದಿನದು ಗಂಟೆಯ ನಿಜವಾದ ಗಳಿಕೆ. ಕೈಗೆ ಬರುವ ಸಂಬಳವನ್ನು 100 ಭಾಗ ಎನ್ನೋಣ. ಓಡಾಟ, ಕೆಲಸದ ಬಟ್ಟೆ, ಮನೆಯ ಹೊರಗಿನ ಊಟ, ಅಂದರೆ ಕೆಲಸ ಇಲ್ಲದಿದ್ದರೆ ಆಗದೇ ಇದ್ದ ಖರ್ಚು 12 ಭಾಗ ಎಂದಾದರೆ ಉಳಿದದ್ದು 88. ಕಾಗದದ ಮೇಲೆ ವಾರಕ್ಕೆ 48 ಗಂಟೆ. ಅದಕ್ಕೆ ಓಡಾಟದ 9, ಹೊರಡುವ ತಯಾರಿಯ 4, ಬಂದು ಬಿದ್ದುಕೊಳ್ಳುವ 5 ಸೇರಿಸಿದರೆ 66. ನೂರನ್ನು 48ರಿಂದ, 88ನ್ನು 66ರಿಂದ ಭಾಗಿಸಿ ಹೋಲಿಸಿ ನೋಡಿ: ಗಂಟೆಯ ನಿಜ ಗಳಿಕೆ ಕಾಗದದ ದರದ ಶೇ. 64 ಮಾತ್ರ. ಓಡಾಟ ಎರಡು ಪಟ್ಟಾಗುವ, ಆದರೆ ಸಂಬಳ ಶೇ. 10 ಮಾತ್ರ ಏರುವ ಹೊಸ ಕೆಲಸ ಸಿಕ್ಕಿದೆ ಎನ್ನಿ. ಓಡಾಟದ ಖರ್ಚು ಏರದಿದ್ದರೂ ಈ ಲೆಕ್ಕದಲ್ಲಿ ಅದು ನಷ್ಟದ ಬಾಬ್ತೇ.

ದುಡ್ಡು ಕೊಟ್ಟು ಸಮಯ ಕೊಳ್ಳುವುದು ಸೋಮಾರಿತನವಲ್ಲ. ಆಶ್ಲೀ ವಿಲನ್ಸ್, ಎಲಿಜಬೆತ್ ಡನ್ ಮತ್ತು ಜೊತೆಗಾರರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೆನಡಾದ 60 ಮಂದಿ ದುಡಿಯುವವರಿಗೆ ಎರಡು ವಾರಾಂತ್ಯ ತಲಾ 40 ಡಾಲರ್ ಕೊಟ್ಟರು. ಒಂದು ವಾರ ಸಮಯ ಉಳಿಸುವುದಕ್ಕೆ, ಇನ್ನೊಂದು ವಾರ ವಸ್ತು ಕೊಳ್ಳುವುದಕ್ಕೆ. ಸಮಯ ಉಳಿಸಿದ ದಿನ ಜನ ಹೆಚ್ಚು ಖುಷಿಯಾಗಿದ್ದರು. ಆದರೆ ಮನೆಯಲ್ಲಿ ಇದು ಕೆಡುವುದು ಒಂದೇ ಕಾರಣಕ್ಕೆ: ಉಳಿದ ಗಂಟೆಗೆ ಹೆಸರಿಟ್ಟಿರುವುದಿಲ್ಲ. ಬಟ್ಟೆ ಒಗೆಯುವ ಯಂತ್ರ ಬಂತು, ಎರಡು ಗಂಟೆ ಉಳಿಯಿತು, ಆ ಎರಡು ಗಂಟೆ ಮೊಬೈಲಿಗೇ ಹೋಯಿತು. ಕೊಳ್ಳುವ ಮುನ್ನವೇ ಆ ಹೊತ್ತು ಯಾರಿಗೆ, ಯಾವ ದಿನ ಎಂದು ಬರೆದಿಡಬೇಕು. ಇದನ್ನು ಬಿಟ್ಟವರು ಯಂತ್ರವನ್ನು ದೂರುತ್ತಾರೆ.

ಅನುಭವದ ವಿಷಯದಲ್ಲಿ ವಾದವೇ ಇಲ್ಲ. ಹೊಸ ವಸ್ತುವಿಗೆ ಕಣ್ಣು ಬೇಗ ಒಗ್ಗಿಹೋಗುತ್ತದೆ, ಪಕ್ಕದವರದಕ್ಕೆ ಹೋಲಿಸಿ ನೋಡುವುದೂ ಸುಲಭ. ಅನುಭವ ಹಾಗಲ್ಲ, ಹೇಳಿಕೊಂಡಷ್ಟೂ ಬೆಳೆಯುತ್ತದೆ. ವಸ್ತುವಿಗೆ ಕೊಟ್ಟ ದುಡ್ಡಿಗಿಂತ ಅನುಭವಕ್ಕೆ ಕೊಟ್ಟ ದುಡ್ಡು ಹೆಚ್ಚು ಖುಷಿ ಕೊಡುತ್ತದೆ ಎಂದು ಮನಶ್ಶಾಸ್ತ್ರಜ್ಞರಾದ ವ್ಯಾನ್ ಬೋವನ್ ಮತ್ತು ಗಿಲೊವಿಚ್ 2003ರಲ್ಲೇ ತೋರಿಸಿದ್ದಾರೆ. ದುಡ್ಡಿಲ್ಲದವರಿಗೆ ಇದೆಲ್ಲ ಎಲ್ಲಿ ಬಂತು ಎಂದು ಕೇಳುವವರಿರುತ್ತಾರೆ. ಹಾಗೆ ಕೇಳುವವರು ಹೆಚ್ಚಾಗಿ ದುಡ್ಡಿರುವವರೇ. ಇರುವ ಎರಡು ಗಂಟೆಯನ್ನು ದುಡ್ಡು ಎಣಿಸುವುದಕ್ಕೇ ಕಳೆಯುವವರು.

ವಿರೋಧ: ಕೂಡಿಟ್ಟ ಹಣವೂ ಗಂಟೆಯೇ

ವಿರೋಧಿಸಿ ಬರೆಯಬೇಕು ಎಂಬುದು ಸಂಪಾದಕರ ಕೋರಿಕೆ. ಎದುರಿನವರ 336 ಚೌಕದ ಹಾಳೆಯ ಮೇಲೆ ನನಗೇನೂ ಜಗಳವಿಲ್ಲ. ಜಗಳವಿರುವುದು ಅದರ ಕೆಳಗೆ ಹಾಕಿದ ಮೊತ್ತದ ಮೇಲೆ.

ಶೇ. 64ರ ಆ ದರ ಸರಾಸರಿ. ತಿಂಗಳ ಸಂಬಳದವರಿಗೆ ಒಂದು ಗಂಟೆ ಬಿಡುವು ಸಿಕ್ಕಿತೆಂದು ಅಷ್ಟು ಹಣ ಬರುವುದಿಲ್ಲ, ಒಂದು ಗಂಟೆ ಹೆಚ್ಚು ಕೂತರೂ ಬಹಳ ಕಡೆ ಬಿಡಿಗಾಸು ಸಿಗುವುದಿಲ್ಲ. ಗಂಟೆಗಿಷ್ಟು ಎಂದು ಕೂಲಿ ಪಡೆಯುವವರಿಗಷ್ಟೇ ಆ ಗುಣಾಕಾರ ನಿಜ. ಮಿಕ್ಕವರು ಅದನ್ನು ನೆಚ್ಚಿ ಖರ್ಚು ಮಾಡಿದರೆ, ಇಲ್ಲದ ಗಳಿಕೆಯ ಮೇಲೆ ಇರುವ ಹಣವನ್ನು ಬಿಟ್ಟುಕೊಟ್ಟಂತೆ.

ಇನ್ನು ಅನುಭವ. ಕ್ರೆಡಿಟ್ ಕಾರ್ಡಿನಲ್ಲಿ ಪ್ರವಾಸ ಮಾಡಿ, ಬಾಕಿಯನ್ನು ತಿಂಗಳಿಗೆ ಶೇ. 3ರ ಬಡ್ಡಿಯಲ್ಲಿ ಬಿಟ್ಟರೆ ವರ್ಷಕ್ಕೆ ಅದು ಶೇ. 36 ಅಲ್ಲ, ಬಡ್ಡಿಗೆ ಬಡ್ಡಿ ಸೇರಿ ಶೇ. 42.6. ಏನೂ ಕಟ್ಟದಿದ್ದರೆ ಎರಡು ವರ್ಷದೊಳಗೆ ಸಾಲ ಇಮ್ಮಡಿ. 72ನ್ನು ಬಡ್ಡಿದರದಿಂದ ಭಾಗಿಸಿದರೆ ಇಮ್ಮಡಿಯಾಗುವ ಅವಧಿ ಸುಮಾರಾಗಿ ಸಿಗುತ್ತದೆ. ಮೂರಕ್ಕೆ 24 ತಿಂಗಳು. ಹೇಳಿಕೊಂಡಷ್ಟೂ ಬೆಳೆಯುವುದು ಅನುಭವ ಮಾತ್ರವಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಗಾದೆಗೆ ಈಗ ಮಾಸಿಕ ಕಂತೂ ಸೇರಿದೆ.

ಸಂಶೋಧನೆಯನ್ನು ಅರ್ಧ ಓದಿದರೆ ಹೀಗೇ ಆಗುವುದು. 2018ರಲ್ಲಿ ಲೀ, ಹಾಲ್ ಮತ್ತು ವುಡ್ ಪ್ರಕಟಿಸಿದ ಅಧ್ಯಯನದ ಪ್ರಕಾರ ಅನುಕೂಲ ಕಡಿಮೆ ಇರುವವರಿಗೆ ವಸ್ತುವಿನಿಂದ ಸಿಗುವ ಸಂತೋಷ ಅನುಭವದಷ್ಟೇ, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚು. ಒಂದು ಮಟ್ಟ ದಾಟಿದ ಮೇಲೆ ಹಣ ಖುಷಿ ಹೆಚ್ಚಿಸದು ಎಂದು 2010ರಲ್ಲಿ ಬರೆದ ಕಾನಮನ್ ಅವರೇ 2023ರಲ್ಲಿ, ಅದಕ್ಕೆ ವಿರುದ್ಧವಾದ ಫಲ ಕಂಡಿದ್ದ ಕಿಲ್ಲಿಂಗ್ಸ್‌ವರ್ತ್ ಜೊತೆ ಕೂತು ಲೆಕ್ಕ ತಿದ್ದಿದರು. ಹೆಚ್ಚಿನವರಲ್ಲಿ ಆದಾಯದ ಜೊತೆ ಖುಷಿಯೂ ಏರುತ್ತಲೇ ಹೋಗುತ್ತದೆ. ಏರಿಕೆ ನಿಲ್ಲುವುದು ಮೊದಲೇ ತೀರಾ ನೊಂದಿರುವ ಒಂದು ಗುಂಪಿನಲ್ಲಿ ಮಾತ್ರ.

ನನ್ನ ಮುಖ್ಯ ಮಾತು ಇಷ್ಟು. ಗಳಿಕೆಯ ಶೇ. 10 ಉಳಿಸುವವರು 9 ತಿಂಗಳು ದುಡಿದರೆ ಒಂದು ತಿಂಗಳ ಖರ್ಚು ಕೈಯಲ್ಲಿರುತ್ತದೆ. ಶೇ. 25 ಉಳಿಸಿದರೆ 3 ತಿಂಗಳಿಗೇ. ಆರು ತಿಂಗಳ ಖರ್ಚು ಕೂಡಿಸಲು ಮೊದಲಿನವರಿಗೆ 54 ತಿಂಗಳು ಬೇಕು, ಎರಡನೆಯವರಿಗೆ 18. ಆ ಆರು ತಿಂಗಳು ಅಂದರೆ 4,380 ಗಂಟೆ. ಕೆಟ್ಟ ಕೆಲಸ ಬಿಡುವುದಕ್ಕೆ, ಆಸ್ಪತ್ರೆಯಲ್ಲಿ ಮಲಗಿದವರ ಪಕ್ಕ ಕೂರುವುದಕ್ಕೆ ಆ ಗಂಟೆಗಳೇ ಬೇಕಾಗುವುದು. ದಿನದ ಎರಡು ಗಂಟೆಯಲ್ಲಿ ಇದಾಗುವುದಿಲ್ಲ.

ಹಾಗಾಗಿ ಚೌಕಗಳನ್ನು ತುಂಬುವವರು ಎರಡನ್ನು, ಅಂದರೆ ಒಂದು ಗಂಟೆಯನ್ನು, ಸಾಲದ ಪಟ್ಟಿಗೆ ಬಿಡಲಿ: ಯಾರಿಗೆ, ಎಷ್ಟು, ಯಾವ ಬಡ್ಡಿಗೆ, ಇನ್ನೆಷ್ಟು ಕಂತು. ಬಡ್ಡಿ ಹೆಚ್ಚಿರುವುದು ಮೇಲೆ. ಆ ಚೌಕದ ಮುಂದೆ ಕಳೆಯ ಗುರುತೇ ಬೀಳುತ್ತದೆ, ಬೀಳಲಿ.