ಸತ್ಯಾಂಶ: ಚಿನ್ನದ ಬಣ್ಣದ ಡ್ರಿಲ್ ಬಿಟ್ ಪೂರ್ತಿ ಟೈಟಾನಿಯಂ ಅಲ್ಲ

ಹೊಂಬಣ್ಣದ ಡ್ರಿಲ್ ಬಿಟ್ ಪೂರ್ತಿ ಟೈಟಾನಿಯಂ, ಏನನ್ನಾದರೂ ಕೊರೆಯುತ್ತದೆ ಎಂಬ ಸಂದೇಶ ದಾವಣಗೆರೆ, ಹರಿಹರದ ಲೇತ್ ಕೆಲಸದವರ ಮೊಬೈಲ್‌ಗೂ ಆಗಾಗ ಬರುತ್ತದೆ. ಹೊಳಪು ನೋಡಿದರೆ ನಂಬಿಕೆ ಬರುವುದು ಸಹಜ. ಆದರೆ ಅದು ನಿಜವಲ್ಲ.

ಒಳಗಿರುವುದು ಸಾಮಾನ್ಯವಾಗಿ ಹೈಸ್ಪೀಡ್ ಸ್ಟೀಲ್, ಅಂದರೆ ಕೊರೆಯುವಾಗ ಕಾದರೂ ಗಡಸುತನ ಉಳಿಸಿಕೊಳ್ಳುವ ಉಕ್ಕು. ಮೇಲಿನದು ಟೈಟಾನಿಯಂ ನೈಟ್ರೈಡ್ (ಟೈಟಾನಿಯಂ, ಸಾರಜನಕ ಸೇರಿದ ಗಡಸು ವಸ್ತು) ಲೇಪನ, ಕೆಲವೇ ಮೈಕ್ರಾನ್ ದಪ್ಪ; ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ. ಲೇಪನ ಒಳ್ಳೆಯದೇ, ಸವೆತ ಕಡಿಮೆ ಮಾಡುತ್ತದೆ. ಬರೀ ಟೈಟಾನಿಯಂ ಲೋಹವಂತೂ ಹೈಸ್ಪೀಡ್ ಸ್ಟೀಲ್‌ಗಿಂತ ಮೆತ್ತಗೆ. ಅದರಲ್ಲೇ ಬಿಟ್ ಮಾಡಿದರೆ ಉಕ್ಕಿನ ಮೇಲೆ ನಿಲ್ಲುತ್ತದೆಯೇ?

ನೀವೇ ನೋಡಬಹುದು. ಅಯಸ್ಕಾಂತ ಹಿಡಿಯಿರಿ: ಟೈಟಾನಿಯಂ ಅಂಟುವುದಿಲ್ಲ, ಈ ಬಿಟ್ ಗಟ್ಟಿಯಾಗಿ ಅಂಟುತ್ತದೆ. ಸಾಣೆ ಹಿಡಿದರೆ ತುದಿಯಲ್ಲಿ ಬೂದು ಬಣ್ಣದ ಉಕ್ಕು ಕಾಣುತ್ತದೆ.

"ಏನನ್ನಾದರೂ" ಎಂಬ ಮಾತೇ ಜಾಸ್ತಿ ನಷ್ಟ ಮಾಡುವುದು. ಗ್ಲಾಸ್ ಫೈಬರ್, ಕಾರ್ಬನ್ ಫೈಬರ್ ಹಾಳೆ ಹಗುರ, ಆದರೆ ಅದರ ಎಳೆಗಳು ಬಿಟ್‌ನ ಅಂಚನ್ನು ಬೇಗ ತಿಂದುಹಾಕುತ್ತವೆ. ಮೊಂಡಾದ ಬಿಟ್ ಪದರಗಳನ್ನು ಕಿತ್ತು ಬೇರೆ ಮಾಡುತ್ತದೆ. ಅಲ್ಲಿ ಕಾರ್ಬೈಡ್ (ಉಕ್ಕಿಗಿಂತ ಬಹಳ ಗಡಸಾದ ವಸ್ತು) ಅಥವಾ ವಜ್ರದ ಲೇಪನದ ಬಿಟ್ ಬೇಕು, ಹಿಂದೆ ಮರದ ತುಂಡಿನ ಆಸರೆಯೂ ಬೇಕು. ಆ ಧೂಳಿಗೆ ಮಾಸ್ಕ್ ಮರೆಯಬೇಡಿ.

ವೇಗವೂ ಮುಖ್ಯ, ಅಲ್ವಾ? ಮೆದು ಉಕ್ಕಿಗೆ 10 ಮಿ.ಮೀ. ಹೈಸ್ಪೀಡ್ ಸ್ಟೀಲ್ ಬಿಟ್‌ಗೆ ನಿಮಿಷಕ್ಕೆ ಸುಮಾರು 800 ಸುತ್ತು ಸಾಕು. ಸ್ಟೇನ್‌ಲೆಸ್‌ಗೆ ಸುಮಾರು ಅದರರ್ಧ.