ಜಪಾನಿನ ಭಾನುವಾರದ ಇತಿಹಾಸ, ನಮ್ಮ ದಿನದ ಧಾರಾವಾಹಿ

ಜಪಾನಿನಲ್ಲಿ ಭಾನುವಾರ ರಾತ್ರಿ 8 ಗಂಟೆ ಎಂದರೆ ತೈಗಾ ಡ್ರಾಮಾದ ಹೊತ್ತು. ನೋಡುಗರು ಕಟ್ಟುವ ಶುಲ್ಕದಿಂದ ನಡೆಯುವ ಎನ್‌ಎಚ್‌ಕೆ ವಾಹಿನಿ 1963ರಿಂದ ಈ ಐತಿಹಾಸಿಕ ಧಾರಾವಾಹಿಯನ್ನು ನಡೆಸಿಕೊಂಡು ಬಂದಿದೆ. ವರ್ಷಕ್ಕೆ ಒಂದೇ ಕಥೆ. ಸಾಮಾನ್ಯವಾಗಿ ಜನವರಿಯಲ್ಲಿ ಶುರುವಾಗಿ ಡಿಸೆಂಬರಿನಲ್ಲಿ ಮುಗಿಯುತ್ತದೆ. ಕಂತಿಗೆ ಸುಮಾರು 45 ನಿಮಿಷ, ಒಟ್ಟು 50ರ ಆಸುಪಾಸು ಕಂತುಗಳು, ನಡುವೆ ಜಾಹೀರಾತಿಲ್ಲ. ತಪ್ಪಿಸಿಕೊಂಡವರಿಗೆ ಮುಂದಿನ ಶನಿವಾರ ಮಧ್ಯಾಹ್ನ ಮರುಪ್ರಸಾರ. ಯಾರ ಕಥೆ, ಬರೆಯುವವರು ಯಾರು ಎಂಬುದು ಒಂದೂವರೆ–ಎರಡು ವರ್ಷ ಮೊದಲೇ ಪ್ರಕಟವಾಗುತ್ತದೆ.

ಜಪಾನಿನಲ್ಲಿದ್ದುಕೊಂಡು ಆ ಧಾರಾವಾಹಿಗಳನ್ನೂ ನಮ್ಮ ಟಿ.ವಿ.ಯ ಐತಿಹಾಸಿಕಗಳನ್ನೂ ಒಟ್ಟೊಟ್ಟಿಗೆ ನೋಡುವ ನನಗೆ ಇವೆರಡರ ನಡುವಿನ ದೊಡ್ಡ ವ್ಯತ್ಯಾಸ ಹಣದ್ದು ಅನಿಸಿಲ್ಲ. ಹಣದ ವ್ಯತ್ಯಾಸ ಇದೆ, ಅದೂ ದೊಡ್ಡದೇ. ಆದರೆ ಅದಕ್ಕೂ ಮೊದಲು ಬರುವುದು, ಕಥೆ ಯಾವ ವಾರ ಮುಗಿಯುತ್ತದೆ ಎಂದು ಬರೆಯುವವನಿಗೆ ಮೊದಲ ದಿನವೇ ಗೊತ್ತಿದೆಯೇ ಎನ್ನುವುದು. ಗೊತ್ತಿಲ್ಲದಿದ್ದರೆ ಎಷ್ಟು ಕೋಟಿ ಸುರಿದರೂ ಇತಿಹಾಸ ತೆರೆಯ ಮೇಲೆ ನಿಲ್ಲುವುದಿಲ್ಲ.

ಲೆಕ್ಕ ಹಾಕಿ ನೋಡಿ. ನಮ್ಮಲ್ಲಿ ಅರ್ಧ ಗಂಟೆಯ ಅವಧಿಯಲ್ಲಿ ಜಾಹೀರಾತು ಕಳೆದರೆ ಕಥೆಗೆ ಉಳಿಯುವುದು 22 ನಿಮಿಷ. ವಾರಕ್ಕೆ ಐದು ದಿನದಂತೆ ವರ್ಷಕ್ಕೆ 260 ಕಂತು, ಅಂದರೆ 95 ಗಂಟೆ. ತೈಗಾ ಇಡೀ ವರ್ಷಕ್ಕೆ ತುಂಬಬೇಕಾದ್ದು 37 ಗಂಟೆಯ ಆಸುಪಾಸು ಮಾತ್ರ. ಹಿಂದಿಯ ಮಹಾರಾಣಾ ಪ್ರತಾಪ್ ಧಾರಾವಾಹಿ 2013ರಿಂದ 2015ರವರೆಗೆ 500ಕ್ಕೂ ಹೆಚ್ಚು ಕಂತು ಓಡಿತು. 16ನೆಯ ಶತಮಾನದ ಒಬ್ಬ ರಾಜನ ಬಗ್ಗೆ ಅಷ್ಟು ಗಂಟೆ ತುಂಬುವಷ್ಟು ಆಧಾರ ಯಾರ ಹತ್ತಿರವೂ ಇಲ್ಲ. ಆಗ ಆ ಜಾಗಕ್ಕೆ ಬರುವುದು ನಮಗೆಲ್ಲ ಪರಿಚಯವಿರುವ ಸಾಮಗ್ರಿ: ಕಂಬದ ಮರೆಯಲ್ಲಿ ನಿಂತು ಕದ್ದು ಕೇಳುವ ದಾಸಿ, ಹಾಲಿನ ಲೋಟಕ್ಕೆ ಬೀಳುವ ವಿಷ, ಪಟ್ಟದರಾಣಿಗೂ ಕಿರಿಯ ರಾಣಿಗೂ ಜಗಳ, ಒಂದು ಮಾತಿಗೆ ಒಂಬತ್ತು ಮುಖಗಳ ಕ್ಲೋಸಪ್. ಗುರುವಾರ ಟಿ.ಆರ್.ಪಿ. ಬರುತ್ತದೆ. ಮಾವ–ಅಳಿಯನ ಜಗಳಕ್ಕೆ ಅಂಕ ಏರಿದ್ದರೆ ಮುಂದಿನ ಮೂರು ವಾರ ಅದೇ ಜಗಳ. ಇಳಿದಿದ್ದರೆ ನಾಯಕ ಏಕಾಏಕಿ ಹತ್ತು ವರ್ಷ ದೊಡ್ಡವನಾಗುತ್ತಾನೆ. ಬರಹಗಾರರಿಗೆ ಓದು ಕಡಿಮೆ ಎಂದು ಬೈಯುವುದು ತಪ್ಪು. ನಾಳಿದ್ದಿನ ಚಿತ್ರೀಕರಣಕ್ಕೆ ಇವತ್ತು ರಾತ್ರಿ ದೃಶ್ಯ ಕೊಡಬೇಕಾದವನಿಗೆ ಶಾಸನದ ಪಾಠ ತೆಗೆದು ನೋಡಲು ಹೊತ್ತೆಲ್ಲಿದೆ?

ನಮಗೆ ಬೇರೆ ದಾರಿ ಗೊತ್ತಿರಲಿಲ್ಲ ಅಂತೇನೂ ಅಲ್ಲ. ಶ್ಯಾಮ್ ಬೆನಗಲ್ 1988ರಲ್ಲಿ ದೂರದರ್ಶನಕ್ಕೆ ಮಾಡಿದ ‘ಭಾರತ್ ಏಕ್ ಖೋಜ್’ 53 ಕಂತಿಗೆ ಮುಗಿಯಿತು. ಚಂದ್ರಪ್ರಕಾಶ್ ದ್ವಿವೇದಿಯವರ ‘ಚಾಣಕ್ಯ’ 47 ಕಂತು. ಹದಿಮೂರರ ಕಟ್ಟಿನಲ್ಲಿ, ಅಂದರೆ 13, 26, 52 ಹೀಗೆ ಕಂತುಗಳನ್ನು ಮಂಜೂರು ಮಾಡುತ್ತಿದ್ದ ಹಳೆಯ ದೂರದರ್ಶನದ ಕ್ರಮ ಬರೆಯುವವನಿಗೆ ಒಂದು ಅಂಚು ಕೊಡುತ್ತಿತ್ತು. ಶಂಕರ್ ನಾಗ್ ತಂಡ ‘ಮಾಲ್ಗುಡಿ ಡೇಸ್’ ಮಾಡುವಾಗ ಆಗುಂಬೆಯ ಬೀದಿಯನ್ನೂ ದೊಡ್ಡಮನೆಯನ್ನೂ ಬಳಸಿಕೊಂಡಿತು. ಹಳೆಯ ಕಾಲ ಅಲ್ಲಿ ಹೊಸ್ತಿಲಲ್ಲಿ, ಹಜಾರದಲ್ಲಿ, ಮಳೆಯಲ್ಲಿ ತಾನಾಗಿ ಬಂದು ಕೂತಿತು. ಕನ್ನಡದವರೇ ಕಟ್ಟಿದ ಅಷ್ಟು ಒಳ್ಳೆಯ ಕೆಲಸ ಕನ್ನಡದಲ್ಲಿ ತಯಾರಾಗಲಿಲ್ಲ ಎಂಬ ಕೊರಗು ನನಗೆ ಈಗಲೂ ಇದೆ.

ಅಂಚು ಗೊತ್ತಿದ್ದರೆ ಏನು ಮಾಡಬಹುದು ಎಂಬುದಕ್ಕೆ 2016ರ ತೈಗಾ ‘ಸನಾದಾ ಮಾರು’ ನನ್ನ ಮಟ್ಟಿಗೆ ಅತ್ಯುತ್ತಮ ಉದಾಹರಣೆ. 50 ಕಂತು, ಎಲ್ಲವನ್ನೂ ಬರೆದದ್ದು ಮಿತಾನಿ ಕೋಕಿ. ಸನಾದಾ ಎಂಬುದು ದೊಡ್ಡ ದೊರೆಗಳ ನಡುವೆ ಸಿಕ್ಕಿಕೊಂಡ ಸಣ್ಣ ಪಾಳೆಯಗಾರ ಮನೆತನ. 1600ರ ಸೆಕಿಗಾಹರಾ ಕಾಳಗ ಜಪಾನಿನ ಚರಿತ್ರೆಯ ದಿಕ್ಕನ್ನೇ ಬದಲಿಸಿದ್ದು. ಬೇರೆ ಧಾರಾವಾಹಿಗಳು ಅದಕ್ಕೆ ಇಡೀ ಕಂತು ಮೀಸಲಿಡುತ್ತವೆ. ಇಲ್ಲಿ ಅದು ಒಂದು ನಿಮಿಷದೊಳಗೆ ಮುಗಿದುಹೋಯಿತು. ಸನಾದಾ ತಂದೆ–ಮಗ ಆಗ ಇದ್ದದ್ದು ದೂರದ ಉಎದಾ ಕೋಟೆಯಲ್ಲಿ. ಎದುರು ಪಕ್ಷದ ತೊಕುಗಾವಾ ಹಿದೆತಾದಾನ ದೊಡ್ಡ ಸೇನೆಯನ್ನು ತಡೆದು ನಿಲ್ಲಿಸಿದ ಸಂಭ್ರಮದಲ್ಲಿರುವಾಗ ಸುದ್ದಿ ಬರುತ್ತದೆ: ಅಲ್ಲಿ ಕಾಳಗ ಮುಗಿಯಿತು, ನಮ್ಮ ಪಕ್ಷ ಸೋತಿತು. ಗೆದ್ದವರ ಮುಖಗಳು ನಿಂತಲ್ಲೇ ಇಳಿಯುತ್ತವೆ. ಅವರಿಗೆ ಎಷ್ಟು ತಿಳಿಯಲು ಸಾಧ್ಯವಿತ್ತೋ ಅಷ್ಟೇ ನೋಡುಗರಿಗೂ. ನಿಂತು ನೋಡುವ ಜಾಗವನ್ನು ಮೊದಲೇ ನಿರ್ಧರಿಸಿ ಕೊನೆಯವರೆಗೆ ಅದಕ್ಕೆ ಬದ್ಧವಾಗಿದ್ದರಿಂದ ಇದು ಸಾಧ್ಯವಾಯಿತು. ಸಾವಿರ ಕುದುರೆ ತೋರಿಸುವ ಖರ್ಚೂ ಉಳಿಯಿತು ಎಂಬುದನ್ನು ನಮ್ಮ ನಿರ್ಮಾಪಕರು ಗಮನಿಸಬೇಕು. ನಲವತ್ತು ಜನ ಸಹಕಲಾವಿದರನ್ನು ಇಟ್ಟುಕೊಂಡು ಮಹಾಯುದ್ಧ ತೋರಿಸಲು ಹೋದಾಗ ನಮ್ಮ ಧಾರಾವಾಹಿಗಳು ಬಡವಾಗಿ ಕಾಣುವುದು ಅಲ್ಲೇ.

ಅದೇ ಧಾರಾವಾಹಿಯ ಇನ್ನೊಂದು ನಿರ್ಧಾರ ಹೆಸರಿನದು. ಕಥಾನಾಯಕನಾದ ಆ ಮಗ ಜನರ ಬಾಯಲ್ಲಿ ಯುಕಿಮುರಾ. ಆದರೆ ಅವನ ಕಾಲದ ಪತ್ರಗಳಲ್ಲಿ ಇರುವುದು ನೊಬುಶಿಗೆ. ಯುಕಿಮುರಾ ಬರುವುದು ಆಮೇಲಿನ ಯುದ್ಧಕಥೆಗಳಲ್ಲಿ. ಧಾರಾವಾಹಿ ಅವನನ್ನು ನೊಬುಶಿಗೆ ಎಂದೇ ಕರೆಯಿತು. ಕೊನೆಯ ಕಾಳಗಕ್ಕೆ ಒಸಾಕಾ ಕೋಟೆ ಸೇರುವ ಹೊತ್ತಿಗೆ ಅವನೇ ಆ ಇನ್ನೊಂದು ಹೆಸರನ್ನು ಇಟ್ಟುಕೊಳ್ಳುವಂತೆ ಮಾಡಿತು. ದಾಖಲೆಗೂ ದಂತಕಥೆಗೂ ಎರಡಕ್ಕೂ ಗೌರವ. ಚಿತ್ರದುರ್ಗದ ಓಬವ್ವನ ಕಥೆ ಮಾಡುವವರಿಗೆ ಇದು ತುಂಬ ಉಪಯೋಗದ ಮಾದರಿ. 1779ರಲ್ಲಿ ಕೋಟೆ ಹೈದರ್ ಅಲಿಯ ಕೈಸೇರಿದ್ದು ದಾಖಲಾದ ಸಂಗತಿ, ಒನಕೆ ಹಿಡಿದ ಓಬವ್ವ ಜನರ ನೆನಪಿನಲ್ಲಿ ಉಳಿದವಳು. ಅವಳು ಹೇಗೆ ಕಥೆಯಾಗಿ ಬಾಯಿಂದ ಬಾಯಿಗೆ ಹೋದಳು ಎಂಬುದನ್ನೂ ಕಥೆಯೊಳಗೇ ತೋರಿಸಬಹುದು. ಅದರಿಂದ ಅವಳು ಚಿಕ್ಕವಳಾಗುವುದಿಲ್ಲ.

ತೈಗಾದ ಆರಂಭದ ಹೆಸರುಪಟ್ಟಿಯನ್ನು ನಿಧಾನವಾಗಿ ಓದಿದರೆ ಕೆಲಸ ಹೇಗೆ ಹಂಚಿಹೋಗಿದೆ ಎಂದು ತಿಳಿಯುತ್ತದೆ. ಕಾಲಪರಿಶೀಲನೆಗೆ ಇತಿಹಾಸಕಾರರು ಬೇರೆ, ಉಡುಪಿಗೆ ಬೇರೆ, ಕಟ್ಟಡಕ್ಕೆ ಬೇರೆ. ಕೂರುವ, ಏಳುವ, ಬಾಗುವ ರೀತಿ ಕಲಿಸಲು ಒಬ್ಬರು. ಪ್ರಾಂತ್ಯದ ಮಾತು ತಿದ್ದಲು ಒಬ್ಬರು. ಕತ್ತಿವರಸೆಗೆ, ಕುದುರೆಗೆ, ಕುಂಚ ಹಿಡಿದು ಬರೆಯುವುದಕ್ಕೆ ಒಬ್ಬೊಬ್ಬರು. 2024ರ ತೈಗಾದ ನಾಯಕಿ ಲೇಖಕಿ ಮುರಾಸಾಕಿ ಶಿಕಿಬು. ಆ ಪಾತ್ರ ಮಾಡಿದ ಯೊಶಿತಾಕಾ ಯುರಿಕೊ ಎಡಚರು. ಆದರೂ ಬಲಗೈಯಲ್ಲಿ ಕುಂಚ ಹಿಡಿಯುವುದನ್ನು ಕಲಿತು ಬರೆಯುವ ದೃಶ್ಯಗಳನ್ನು ತಾವೇ ಮಾಡಿದರು. ಕಂತು ಮುಗಿದ ಮೇಲೆ ಒಂದೆರಡು ನಿಮಿಷದ ಪುಟ್ಟ ಚಿತ್ರ ಬರುತ್ತದೆ: ಇವತ್ತು ನೋಡಿದ ಘಟನೆ ನಡೆದ ಜಾಗ ಈಗ ಹೇಗಿದೆ, ಅಲ್ಲಿ ಯಾವ ಸಮಾಧಿ, ಯಾವ ದೇಗುಲ, ಯಾವ ಪತ್ರ ಉಳಿದಿದೆ. ಆದ್ದರಿಂದಲೇ ಇಲ್ಲಿನ ನೋಡುಗರ ತಕರಾರು ‘ಆ ಪತ್ರ ಬಂದದ್ದು ಎರಡು ವರ್ಷ ಆಮೇಲೆ ಅಲ್ಲವೇ’ ಎಂಬ ಮಟ್ಟದಲ್ಲಿ ಇರುತ್ತದೆ. ನೋಡುಗನ ಕೈಗೆ ಸಾಮಗ್ರಿ ಕೊಟ್ಟರೆ ಅವನು ಅದನ್ನು ಬಳಸುತ್ತಾನೆ.

ನಮ್ಮಲ್ಲಿ ಸಾಮಗ್ರಿಯ ಬದಲು ಸಿಗುವುದು ಹೊಣೆ ಕಳಚಿಕೊಳ್ಳುವ ಒಂದು ಸಾಲಿನ ಸೂಚನೆ. ಟಿಪ್ಪು ಕುರಿತ ಧಾರಾವಾಹಿ ದೂರದರ್ಶನದಲ್ಲಿ ಬಂದಾಗ ವಿವಾದ ಎದ್ದು, ಇದು ಕಾದಂಬರಿ ಆಧರಿಸಿದ ಕಲ್ಪನೆ ಎಂಬ ಸೂಚನೆ ಹಾಕಿದರು. ಯಾವುದು ಕಲ್ಪನೆ, ಯಾವುದು ದಾಖಲೆ ಎಂದು ಆ ಸಾಲು ಯಾರಿಗೂ ಹೇಳಲಿಲ್ಲ. ಅದೇ ಧಾರಾವಾಹಿಯ ಚಿತ್ರೀಕರಣದಲ್ಲಿ, 1989ರ ಫೆಬ್ರವರಿ 8ರಂದು ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಬೆಂಕಿ ಬಿದ್ದು 62 ಜನ ಸತ್ತರು. ಐತಿಹಾಸಿಕದ ಸೆಟ್ಟಿನಲ್ಲಿ ಮರ, ಬಟ್ಟೆ, ಗೋಣಿ, ಪಂಜು, ಪಟಾಕಿ ಎಲ್ಲವೂ ಒಂದೇ ಕಡೆ ಇರುತ್ತವೆ ಎಂಬುದನ್ನು ಬಜೆಟ್ ಹಾಕುವಾಗಲೇ ನೆನಪಿಡಬೇಕು. ಹೊರಹೋಗುವ ಬಾಗಿಲು ಎಷ್ಟು, ಬೆಂಕಿ ಆರಿಸುವವರು ಎಲ್ಲಿ ನಿಲ್ಲುತ್ತಾರೆ ಎಂಬುದು ರಾಜನ ಕಿರೀಟಕ್ಕಿಂತ ಮೊದಲು ತೀರ್ಮಾನವಾಗಬೇಕು.

ಉಡುಪಿನ ಮಾತಿಗೆ ಬರೋಣ. ನಮ್ಮ ತಪ್ಪು ಅತಿ ಹೆಚ್ಚು, ತಿದ್ದುವುದು ಅತಿ ಸುಲಭ ಇರುವುದು ಇಲ್ಲೇ. ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ 1623ರಲ್ಲಿ ಉಳ್ಳಾಲದ ರಾಣಿ ಅಬ್ಬಕ್ಕನನ್ನು ಮಣೇಲ್‌ನಲ್ಲಿ ಕಣ್ಣಾರೆ ಕಂಡು ಬರೆದಿದ್ದಾನೆ. ರಾಣಿ ಕಾಲುವೆ ತೋಡುವ ಕೆಲಸ ನೋಡಲು ಕಾಲ್ನಡಿಗೆಯಲ್ಲಿ ಹೋಗಿದ್ದಳು. ಬರಿಗಾಲು. ಸೊಂಟಕ್ಕೆ ಬಿಳಿಯ ದಪ್ಪ ಹತ್ತಿ ಬಟ್ಟೆ, ತಲೆಯಿಂದ ಹೆಗಲಿಗೆ ಇಳಿದ ಇನ್ನೊಂದು ಬಟ್ಟೆ. ಜೊತೆಗೆ ಕೆಲವೇ ಸೈನಿಕರು, ನೆರಳಿಗೆ ತಾಳೆಗರಿಯ ಕೊಡೆ. ನೋಟಕ್ಕೆ ರಾಣಿಯಂತೆ ಕಾಣಲಿಲ್ಲ, ಮಾತಿನಲ್ಲಿ ಮಾತ್ರ ವಿವೇಕ ಕಂಡಿತು ಎನ್ನುತ್ತಾನೆ. ಈ ವಿವರ ಕೈಯಲ್ಲಿರುವಾಗ ಅವಳಿಗೆ ಜರಿ ಸೀರೆ, ಎದೆ ತುಂಬ ಒಡವೆ, ಎತ್ತರದ ಕಿರೀಟ ಹಾಕಿ ಸಿಂಹಾಸನದಲ್ಲಿ ಕೂರಿಸುವುದು ಅವಳನ್ನು ಕಳೆದುಕೊಂಡಂತೆ. ಬಿಸಿಲಲ್ಲಿ ನಿಂತು ಮಣ್ಣು ಕೆಲಸ ನೋಡುವ ರಾಣಿಗಿಂತ ದೊಡ್ಡ ನಾಯಕಿ ಬೇಕೆ? ಮೈಮೇಲಿನ ಬಟ್ಟೆಯ ವಿಷಯದಲ್ಲಿ ಇವತ್ತಿನ ಟಿ.ವಿ.ಗೆ ರಾಜಿ ಅನಿವಾರ್ಯ, ಒಪ್ಪೋಣ. ಹಿಂದೆ ಜಪಾನಿನ ಹೆಂಗಸರು ಹಲ್ಲಿಗೆ ಕಪ್ಪು ಬಳಿದುಕೊಳ್ಳುತ್ತಿದ್ದರು, ತೈಗಾ ಬಹುತೇಕ ಅದನ್ನು ಬಿಟ್ಟುಬಿಡುತ್ತದೆ. ಗೊತ್ತಿದ್ದು ಮಾಡುವ ರಾಜಿ ಬೇರೆ, ಗೊತ್ತಿಲ್ಲದೆ ಅಂಗಡಿಯಿಂದ ಬಾಡಿಗೆಗೆ ತರುವ ಮಿರುಗು ಬೇರೆ.

ಕೃಷ್ಣದೇವರಾಯನೂ ಹಾಗೆಯೇ. ಪೋರ್ಚುಗಲ್ಲಿನ ಪ್ರವಾಸಿ ಪಾಯೆಸ್ ಕಂಡ ಅರಸ ಉಟ್ಟದ್ದು ಚಿನ್ನದ ಗುಲಾಬಿ ಕಸೂತಿಯ ಬಿಳಿ ಬಟ್ಟೆ, ಕೊರಳಲ್ಲಿ ವಜ್ರದ ಹಾರ, ತಲೆಗೆ ಜರತಾರಿ ಟೊಪ್ಪಿ, ಕಾಲು ಬರಿದು. ತಿರುಮಲೆಯಲ್ಲಿರುವ ಅವನ ಲೋಹದ ವಿಗ್ರಹದಲ್ಲೂ ತಲೆಗೆ ಆ ಎತ್ತರದ ಕುಲ್ಲಾಯಿ ಇದೆ. ಬೆಳಕು ಹರಿಯುವ ಮೊದಲು ಎಳ್ಳೆಣ್ಣೆ ಕುಡಿದು, ಮೈಗೆ ಎಣ್ಣೆ ಹಚ್ಚಿ, ಬೆವರಿನಲ್ಲಿ ಎಣ್ಣೆ ಹೊರಬರುವವರೆಗೆ ಸಾಮು ಮಾಡಿ, ಕುಸ್ತಿ ಆಡಿ, ಕುದುರೆ ಹತ್ತುತ್ತಿದ್ದ ಎಂದೂ ಪಾಯೆಸ್ ಬರೆಯುತ್ತಾನೆ. ಮೊದಲ ಕಂತಿನ ಮೊದಲ ದೃಶ್ಯ ಸಿದ್ಧವಾಗಿಯೇ ಇದೆ, ಯಾರೂ ತೆಗೆದುಕೊಂಡಿಲ್ಲ. ಸೀರೆಯ ವಿನ್ಯಾಸಕ್ಕೆ ಲೇಪಾಕ್ಷಿಯ ಚಾವಣಿ ಚಿತ್ರಗಳಿವೆ. ಅಡುಗೆಮನೆ ತೋರಿಸುವಾಗ ಹೊಯ್ಸಳರ ಕಾಲದಲ್ಲಿ ಒಣಮೆಣಸಿನಕಾಯಿ, ಟೊಮೇಟೊ, ಆಲೂಗಡ್ಡೆ ಕಾಣಿಸಬಾರದು. ಅವು ಪೋರ್ಚುಗೀಸರು ಬಂದ ಮೇಲಿನವು. ಖಾರಕ್ಕೆ ಕರಿಮೆಣಸು, ಹಿಪ್ಪಲಿ, ಶುಂಠಿ.

ತೈಗಾದಲ್ಲಿ ಕೊರತೆ ಇಲ್ಲವೆಂದಲ್ಲ. ಯಾವ ಶತಮಾನದ ಯೋಧನಾದರೂ ‘ಯುದ್ಧವಿಲ್ಲದ ನಾಡು ಕಟ್ಟಬೇಕು’ ಎಂದು ಇವತ್ತಿನವರಂತೆ ಮಾತಾಡುವ ಚಾಳಿ ಅದಕ್ಕಿದೆ, ಅದು ನನಗೆ ಹಿಡಿಸುವುದಿಲ್ಲ. 12ನೆಯ ಶತಮಾನವನ್ನು ಧೂಳು ಧೂಳಾಗಿ ತೋರಿಸಿದ 2012ರ ‘ತೈರಾ ನೊ ಕಿಯೊಮೊರಿ’ಯನ್ನು ಹ್ಯೋಗೊ ಪ್ರಾಂತ್ಯದ ಗವರ್ನರ್ ಪರದೆ ಕೊಳಕಾಗಿದೆ ಎಂದು ಟೀಕಿಸಿದರು, ನೋಡುಗರೂ ಕಡಿಮೆಯಾದರು. ಆದರೂ ಕಥೆ ತನ್ನ ಕೊನೆಯ ಕಂತಿನವರೆಗೆ ಅಂದುಕೊಂಡಂತೆಯೇ ನಡೆಯಿತು. ನಮ್ಮಲ್ಲಾಗಿದ್ದರೆ ಮಾರ್ಚ್ ತಿಂಗಳಿಗೇ ಧೂಳು ಗುಡಿಸಿ ಅತ್ತೆ–ಸೊಸೆ ತರುತ್ತಿದ್ದರು.

ಕನ್ನಡದ ನೋಡುಗರಿಗೆ ಇಂಥದ್ದು ಬೇಡ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. 2020ರಲ್ಲಿ ಅಂಬೇಡ್ಕರ್ ಕುರಿತ ಡಬ್ಬಿಂಗ್ ಧಾರಾವಾಹಿ ‘ಮಹಾನಾಯಕ’ ಬಂದಾಗ ಜನ ಊರೂರಲ್ಲಿ ಫ್ಲೆಕ್ಸ್ ಕಟ್ಟಿ ಸ್ವಾಗತಿಸಿದರು. ಹಸಿವು ಇದೆ.

ಹಾಗಾದರೆ ಕೈಗೆಟುಕುವ ಅಳತೆಯಲ್ಲಿ ಏನು ಮಾಡಬಹುದು? ವಾರಕ್ಕೊಮ್ಮೆ 45 ನಿಮಿಷ, 26 ಕಂತು, ಒಬ್ಬರೇ ಮುಖ್ಯ ಬರಹಗಾರರು, ಚಿತ್ರೀಕರಣಕ್ಕೆ ಮೊದಲೇ ಕನಿಷ್ಠ ಅರ್ಧ ಕಂತುಗಳ ಚಿತ್ರಕಥೆ ಕೈಯಲ್ಲಿ. ವಸ್ತು ವಿಜಯನಗರ ಸೋತ 1565ರ ತಾಳಿಕೋಟೆ ಕಾಳಗ. ಕ್ಯಾಮೆರಾ ರಣರಂಗಕ್ಕೆ ಹೋಗುವುದೇ ಬೇಡ. ವಿಜಯನಗರದ ಪೇಟೆಯ ಒಂದು ವ್ಯಾಪಾರಿ ಮನೆಯಲ್ಲಿ ಇರಲಿ. ಜನವರಿಯಲ್ಲಿ ರಾಜ್ಯ ನಡೆಸುತ್ತಿದ್ದ ರಾಮರಾಯ ಸತ್ತ ಸುದ್ದಿ, ಅವನ ತಮ್ಮ ತಿರುಮಲ ಆನೆಗಳ ಮೇಲೆ ಭಂಡಾರ ಹೇರಿಕೊಂಡು ಪೆನುಕೊಂಡೆಯತ್ತ ಹೊರಟ ನೋಟ, ಉಳಿಯುವುದೋ ಹೋಗುವುದೋ ಎಂಬ ಮನೆಮಂದಿಯ ತರ್ಕ. ಬೇಕಾಗುವುದು ಒಂದು ಬೀದಿ, ಒಂದು ಮನೆ, ಅರಮನೆಯ ಒಂದು ಪಡಸಾಲೆ. ಹಂಪಿಯ ಅವಶೇಷಗಳ ನಡುವೆ ಮಾತ್ರ ಚಿತ್ರೀಕರಿಸಬಾರದು: ಪುರಾತತ್ವ ಇಲಾಖೆಯ ಅನುಮತಿ ಬೇಕು ಎನ್ನುವುದು ಒಂದು ಕಾರಣ, ಈಗ ಕಾಣುವ ಜಗಲಿಗಳ ಮೇಲೆ ಆಗ ಮರದ ಮಹಲುಗಳಿದ್ದವು ಎನ್ನುವುದು ಇನ್ನೂ ದೊಡ್ಡ ಕಾರಣ. ಸುಟ್ಟುಹೋದ ಊರಿನ ಬರಿಗಲ್ಲುಗಳ ನಡುವೆ ಬದುಕಿದ್ದ ಊರಿನ ಜನ ಓಡಾಡಿದರೆ ಕಥೆ ಮೊದಲ ದೃಶ್ಯದಲ್ಲೇ ಸುಳ್ಳಾಗುತ್ತದೆ. ಸೆಟ್ಟನ್ನು ಮರದಲ್ಲೇ ಕಟ್ಟಬೇಕು, ಬಣ್ಣ ಬಳಿಯಬೇಕು. ಹಂಪಿಯನ್ನು ಕಂತಿನ ಕೊನೆಯ ಎರಡು ನಿಮಿಷಕ್ಕೆ ಇಟ್ಟುಕೊಂಡರೆ ಸಾಕು, ಆ ಮಹಲಿನ ಕಂಬ ನಿಂತಿದ್ದ ಕಲ್ಲಿನ ಕುಳಿ ತೋರಿಸುವುದಕ್ಕೆ.